ಕೆರೆಯ ನಡುವೆ ನಿಲ್ಲುತ್ತಿದ್ದ ಎಂಜಿನ್

ಆ ಎಂಜಿನ್ ನಮ್ಮ ಶೆಡ್ಡಿಗೆ ಬಂದದ್ದು ಎತ್ತಿನ ಗಾಡಿಯಲ್ಲಿ. ಕೆಳಗೆ ಹುಲ್ಲು ಹಾಸಿ, ಮೇಲೆ ಗೋಣಿಚೀಲ ಹೊದಿಸಿ, ಬಾಣಂತಿಯನ್ನು ಕರೆತರುವಷ್ಟು ಜೋಪಾನವಾಗಿ ತಂದಿದ್ದರು. ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ಮೂರನೇ ಬ್ಲಾಕಿನಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಂಥದೊಂದು ಸೈಟಿನ ಮೂಲೆಯಲ್ಲಿ ತಗಡು ಹೊದಿಸಿದ ನನ್ನ ರಿಪೇರಿ ಶೆಡ್ಡು ಇತ್ತು. ಸ್ಕೂಟರು, ಮೋಟಾರ್ ಸೈಕಲ್ಲು, ಆಸುಪಾಸಿನ ಹಳ್ಳಿಗಳ ಪಂಪ್‌ಸೆಟ್ಟು, ಇವಿಷ್ಟು ನನ್ನ ಪ್ರಪಂಚ. ದೋಣಿಯ ಎಂಜಿನ್ನನ್ನು ಕೈಯಿಂದ ಮುಟ್ಟಿದ್ದು ಅದೇ ಮೊದಲು. ಎದುರಿನ ಸೋಡಾ ಅಂಗಡಿಯವನು ಬಂದು ನೋಡಿ, "ಏನ್ ಮೇಸ್ತ್ರಿ, ಲಾಲ್‌ಬಾಗ್ ಕೆರೆಗೆ ಹಡಗು ಬಿಡ್ತೀರೇನು?" ಎಂದು ಕೇಳಿದ. ಸಮುದ್ರವೇ ಇಲ್ಲದ ಊರಿನಲ್ಲಿ ಅವನು ಹಾಗೆ ಕೇಳಿದ್ದು ತಪ್ಪೇನಲ್ಲ.

ಈ ಬಗೆಯ ಎಂಜಿನ್ ದೋಣಿಯ ಒಳಗಿರುವುದಿಲ್ಲ. ದೋಣಿಯ ಹಿಂದಿನ ಹಲಗೆಗೆ ಕಚ್ಚಿಸಿ ತಿರುಪು ಬಿಗಿಯುತ್ತಾರೆ. ಮೇಲೆ ಬುರುಡೆಯಂಥ ಪೆಟ್ರೋಲ್ ಟ್ಯಾಂಕು, ಅದರ ಕೆಳಗೆ ಕಾರ್ಬ್ಯುರೇಟರು, ಅಲ್ಲಿಂದ ನೀರಿನೊಳಕ್ಕೆ ಇಳಿದ ಉದ್ದನೆಯ ಕಾಲು, ಕಾಲಿನ ತುದಿಯಲ್ಲಿ ತಿರುಗುವ ರೆಕ್ಕೆ. ಸ್ಕೂಟರಿನಂತೆ ಇದಕ್ಕೂ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಹೊಗೆ ಆ ಕಾಲಿನೊಳಗಿಂದಲೇ ಇಳಿದು ನೀರಿನಡಿಯಲ್ಲಿ ಗುಳುಗುಳು ಎಂದು ಹೋಗುತ್ತದೆ. ಈ ಹೊಗೆಯ ಮಾತನ್ನು ಓದುವವರು ನೆನಪಿಟ್ಟುಕೊಂಡರೆ ಒಳ್ಳೆಯದು. ಚಾಲು ಮಾಡಲು ಕೀಲಿಯಿಲ್ಲ. ತಲೆಯ ಮೇಲಿನ ಚಕ್ರಕ್ಕೆ ಗಂಟು ಹಾಕಿದ ಹಗ್ಗ ಸುತ್ತಿ ಜಗ್ಗಬೇಕು.

ಆ ಹಗ್ಗ ಗಾಡಿಯ ಜೊತೆ ನಡೆದುಕೊಂಡೇ ಬಂದಿದ್ದ ಅಂಬಿಗರ ಸೊಂಟದಲ್ಲಿತ್ತು. ಬಿಳೇಕಹಳ್ಳಿಯವರು. ಹೊಲದಲ್ಲಿ ರಾಗಿ, ಅವರೆ, ಬದುವಿನಲ್ಲಿ ಹರಳು ಬೆಳೆದುಕೊಂಡು, ಬಿಡುವಿನಲ್ಲಿ ಕೆರೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದ ಮನೆತನ. ಬಸವನಗುಡಿ, ತ್ಯಾಗರಾಜನಗರ, ಜಯನಗರದ ಕೆಲವು ನಿವೃತ್ತರು ಸೇರಿ ಭಾನುವಾರದ ವಿಹಾರಕ್ಕೆಂದು ಆ ಕೆರೆಯಲ್ಲಿ ಒಂದು ದೋಣಿ ಇಟ್ಟುಕೊಂಡಿದ್ದರು. ಊರು ಬಿಟ್ಟು ಹೋಗುತ್ತಿದ್ದ ಯಾರೋ ಬಿಳಿ ದೊರೆಯಿಂದ ಎಂಜಿನ್ನನ್ನೂ ಕೊಂಡರು. ಕೆರೆಯ ಆಳ, ಕೆಸರು, ಮುಳುಗಿದ ಮರದ ಬುಡ ಎಲ್ಲ ಬಲ್ಲವರು ಇವರೇ ಎಂದು ದೋಣಿಯ ಉಸ್ತುವಾರಿ ಕೊಟ್ಟರು. ಹಳ್ಳಿಯಲ್ಲಿ ಅವರನ್ನು ಅಂದಿನಿಂದ 'ಮೋಟ್ರು' ಎಂದು ಕರೆಯುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆ, ಹೆಮ್ಮೆ ಎರಡೂ ಇದ್ದವು.

"ಏನಾಗ್ತದೆ ಅಣ್ಣ ಇದಕ್ಕೆ?" ಎಂದು ಕೇಳಿದೆ.

"ಬೆಳಿಗ್ಗೆ ಸುರುವಾಯ್ತದೆ ಮೇಸ್ತ್ರಿ. ಚೆನ್ನಾಗೇ ಓಯ್ತದೆ. ನಡೂ ಕೆರೆಗೆ ಓದ್ಮೇಲೆ ಕೆಮ್ತದೆ, ಆಮೇಕೆ ನಿಂತೋಯ್ತದೆ. ಮಧ್ಯಾನ ಯಾರೂ ಇಲ್ದಾಗ ಎಳುದ್ರೆ ಮತ್ತೆ ಓಡ್ತದೆ. ನನ್ ಮಾನ ಕಳೀಬೇಕು ಅಂತಲೇ ಅದಕ್ಕೆ."

ಅವರ ಹಿಂದೆಯೇ ಜಟಕಾದಲ್ಲಿ ಬಂದಿಳಿದರು ದೋಣಿಕೂಟದ ಕಾರ್ಯದರ್ಶಿಗಳು. ತ್ಯಾಗರಾಜನಗರದವರು, ಕಚ್ಚೆಪಂಚೆ, ಕತ್ತು ಮುಚ್ಚುವ ಕೋಟು, ಕರಿ ಟೋಪಿ. ಸರ್ಕಾರದ ಲೆಕ್ಕ ತಪಾಸಣೆಯಲ್ಲಿ ಜೀವನ ಸವೆಸಿದವರು, ಹಾಗಾಗಿ ಅನುಮಾನ ಅವರಿಗೆ ವೃತ್ತಿಧರ್ಮವಾಗಿತ್ತು. ಅಂಬಿಗರನ್ನು ಬೀಡಿ ಸೇದಲು ಕಳಿಸಿ, ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಬೆರಳು ಅದ್ದಿ ಅಂಗೈಗೆ ತಿಕ್ಕಿದರು.

"ನೋಡ್ರೀ, ಅಂಗೈ ಜಿಡ್ಡು. ಶುದ್ಧ ಪೆಟ್ರೋಲಾದ್ರೆ ಆರಿಹೋಗ್ಬೇಕು. ಇದರಲ್ಲಿ ಸೀಮೆಎಣ್ಣೆ ಇದೆ."

"ಎಣ್ಣೆ ಬೆರೆಸಿದ ಪೆಟ್ರೋಲು ಸಾರ್ ಇದು. ಜಿಡ್ಡು ಇರಲೇಬೇಕು."

"ದೀಪಾವಳಿವರೆಗೆ ಎಂಜಿನ್ ಒಂದು ದಿವಸ ತಕರಾರು ಮಾಡಿದ್ದಿಲ್ಲ. ಹಬ್ಬಕ್ಕೆ ಇವನು ಒಂದು ಪಂಚೆ ಕೇಳಿದ್ದ, ಕೂಟದಲ್ಲಿ ಒಪ್ಪಲಿಲ್ಲ. ಅಲ್ಲಿಂದ ಶುರುವಾಯ್ತು. ಪೆಟ್ರೋಲು ಕದ್ದು ಮಾರಿ, ಸೀಮೆಎಣ್ಣೆ ತುಂಬಿಸ್ತಿದಾನೆ ಅಂತ ನನ್ನ ಲೆಕ್ಕ. ನೀವು ಬಿಚ್ಚಿ ನೋಡಿ, ಇದ್ದದ್ದು ಇದ್ದ ಹಾಗೆ ಹೇಳಿ." ಎಂದು ಕರವಸ್ತ್ರದಿಂದ ಅಂಗೈಯನ್ನು ಚೆನ್ನಾಗಿ ಒರೆಸಿಕೊಂಡು ಜಟಕಾ ಹತ್ತಿದರು.

ನನಗೆ ಸಿಟ್ಟು ಬಂತು. ರೋಗಿಯ ನಾಡಿ ಹಿಡಿಯುವ ಮೊದಲೇ ಔಷಧ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆದರೆ ಎಂಜಿನ್ ತಪ್ಪು ಒಪ್ಪಿಕೊಳ್ಳುವವರೆಗೆ ಒಬ್ಬ ಮನುಷ್ಯನ ಹೆಸರು ನನ್ನ ಬೆಂಚಿನ ಮೇಲಿದೆ ಎನ್ನುವುದೂ ಆಗಲೇ ತಿಳಿಯಿತು.

ನಮ್ಮ ಪದ್ಧತಿಯಂತೆ ಮೊದಲು ಟ್ಯಾಂಕಿನಲ್ಲಿದ್ದದ್ದನ್ನು ಚೆಲ್ಲಿದೆ. ಹಳೆಯ ಪೆಟ್ರೋಲಿನಲ್ಲಿ ಪರೀಕ್ಷೆ ಮಾಡಬಾರದೆಂದು ನನ್ನ ಗುರುಗಳು ಕಲಿಸಿದ್ದರು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಸಡಿಲಿಸದಿದ್ದರೆ ಪೆಟ್ರೋಲು ಇಳಿಯುವುದಿಲ್ಲ, ಎಂಜಿನ್ ಸ್ವಲ್ಪ ಓಡಿ ನಿಲ್ಲುತ್ತದೆ. ಲಕ್ಷಣ ಅದೇ ಆಗಿದ್ದರಿಂದ ಖುಷಿಯಾಗಿ ನೋಡಿದೆ. ತಿರುಪು ಸಲೀಸಾಗಿ ತಿರುಗಿತು. ಪ್ಲಗ್ಗಿನಲ್ಲಿ ಕಿಡಿ ನೀಲಿಯಾಗಿ ಹಾರಿತು. ಉಳಿದದ್ದು ಕಾರ್ಬ್ಯುರೇಟರು.

ಬಿಚ್ಚಿದಾಗ ಎರಡು ತೊಂದರೆ ಕಂಡವು. ಒಳಗಿನ ಪುಟ್ಟ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯಲು ಒಂದು ಬೆಂಡು ತೇಲುತ್ತಿರುತ್ತದೆ. ಮಟ್ಟ ಏರಿದರೆ ಬೆಂಡೂ ಏರಿ ದಾರಿ ಮುಚ್ಚಬೇಕು. ಇದರ ಬೆಂಡು ಮೇಲಿನ ಲೇಪ ಬಿಟ್ಟು ಪೆಟ್ರೋಲು ಕುಡಿದು ಭಾರವಾಗಿತ್ತು. ಮತ್ತೊಂದು, ಪೆಟ್ರೋಲು ಚಿಮ್ಮುವ ಸೂಜಿಮೊನೆಯಷ್ಟು ತೂತಿನ ಹಿತ್ತಾಳೆ ಜೆಟ್ಟು. ಅದರಲ್ಲಿ ಹಳದಿ ಅಂಟು ಕಟ್ಟಿತ್ತು. ಪೆಟ್ರೋಲಿನಲ್ಲಿ ನೆನೆಸಿದೆ, ಬಿಡಲಿಲ್ಲ. ಸ್ಪಿರಿಟ್ಟಿನಲ್ಲಿ ನೆನೆಸಿದೆ, ಕರಗಿತು. ಹಳೆಯ ಪೆಟ್ರೋಲಿನ ಅಂಟು ಇದ್ದೀತು ಅಂದುಕೊಂಡೆ. ಅಂಟು ಆಗಲೇ ಬಾಯಿಬಿಟ್ಟು ತನ್ನ ಹೆಸರು ಹೇಳಿತ್ತು, ನನಗೆ ಕೇಳಿಸಲಿಲ್ಲ.

ತೂತಿನಲ್ಲಿ ಉಳಿದ ಚೂರುಪಾರು ತೆಗೆಯಲು ಜೆಟ್ಟಿಗೆ ತಂತಿ ಹಾಕಬಾರದು, ತೂತು ದೊಡ್ಡದಾದರೆ ಎಂಜಿನ್ನಿನ ಕತೆ ಮುಗಿಯಿತು. ಜಟಕಾ ನಿಲ್ದಾಣಕ್ಕೆ ಹೋಗಿ ಕುದುರೆ ಬಾಲದ ಕೂದಲು ಕೇಳಿದೆ. "ಕುದುರೆ ನನ್ದು ಸಾಬ್, ಬಾಲ ಅದರ್ದು, ಅದನ್ನೇ ಕೇಳಿ" ಎಂದ ಜಟಕಾದವನು. ಕುದುರೆ ಒಪ್ಪಿತು. ಹೊಸ ಬೆಂಡು ಪೇಟೆಯಲ್ಲಿ ಸಿಗುವ ಮಾತೇ ಇರಲಿಲ್ಲ, ಆಮದಿಗೆ ಕಡಿವಾಣ ಹಾಕಿದ್ದ ಕಾಲ. ಟಾನಿಕ್ ಬಾಟಲಿಯ ದಪ್ಪ ಬಿರಡೆಯನ್ನು ಬ್ಲೇಡಿನಲ್ಲಿ ಕೆತ್ತಿ, ಮೇಜು ಕುರ್ಚಿಗೆ ಪಾಲಿಶ್ ಹೊಡೆಯುವ ಪರಿಚಯದವರಿಂದ ಅರಗಿನ ಪಾಲಿಶ್ ತಂದು ಬಳಿದು ಒಣಗಿಸಿ, ಮತ್ತೆ ಬಳಿದು ಒಣಗಿಸಿದೆ. ಅಂಥ ಕೆಲಸ ಮಾಡುವಾಗ ಇದ್ದ ನೆಮ್ಮದಿ ಮುಂದೆ ಹೊಸ ಬಿಡಿಭಾಗಗಳನ್ನು ಡಬ್ಬಿಯಿಂದ ತೆಗೆದು ಹಾಕುವಾಗ ನನಗೆ ಸಿಗಲಿಲ್ಲ.

ಎಂಜಿನ್ ಜೋಡಿಸಿ, ನೀರು ತುಂಬಿದ ಡ್ರಮ್ಮಿನ ಅಂಚಿಗೆ ಕಚ್ಚಿಸಿ, ನಾನೇ ಬೆರೆಸಿದ ಹೊಸ ಪೆಟ್ರೋಲು ಹಾಕಿ ಹಗ್ಗ ಎಳೆದೆ. ಡ್ರಮ್ಮಿನ ನೀರೆಲ್ಲ ಕುದಿಯುವ ಸಾರಿನಂತೆ ಎದ್ದು ಹೊರಗೆ ಚೆಲ್ಲಿತು. ಸೋಡಾ ಅಂಗಡಿಯವನ ಪಂಚೆ ನೆನೆಯಿತು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಅಂಬಿಗರು ಅದಕ್ಕೆ ಕೈ ಮುಗಿದರು.

ಮುಂದಿನ ಭಾನುವಾರ ಬೆಳಿಗ್ಗೆ ಕಾರ್ಯದರ್ಶಿಗಳ ಜೊತೆ ನಾನೂ ದೋಣಿಯಲ್ಲಿ ಕುಳಿತೆ. ಧನುರ್ಮಾಸದ ಚಳಿ, ಕೆರೆಯ ಮೇಲೆ ಮಂಜು. ನಾನು ಮಫ್ಲರಿನಲ್ಲಿ ಮೂಗು ಮುಚ್ಚಿಕೊಂಡು ಮುಂದೆ ಕುಳಿತಿದ್ದೆ. ಎಂಜಿನ್ ಸ್ವಲ್ಪ ಮೊಂಡುತನ ಮಾಡಿ ಹೊರಟಿತು. ದಡ ದೂರವಾಯಿತು, ಕೊಕ್ಕರೆಗಳು ಎದ್ದವು, ಕಾರ್ಯದರ್ಶಿಗಳು ಮುಖ ಸಡಿಲಿಸಿ ಯಾವುದೋ ಕೀರ್ತನೆಯನ್ನು ಗುನುಗತೊಡಗಿದರು. ಪಲ್ಲವಿ ಮುಗಿದು ಅನುಪಲ್ಲವಿಗೆ ಬರುವಷ್ಟರಲ್ಲಿ ಎಂಜಿನ್ ಕೆಮ್ಮಿತು, ಕೆಮ್ಮಿ ನಿಂತಿತು. ಅಂಬಿಗರು ಹಗ್ಗ ಸುತ್ತಿ ಎಳೆದರು, ನಾನು ಎಳೆದೆ. ಕೊನೆಗೆ ಅವರು ಹುಟ್ಟು ಹಾಕಿ ದಡ ಮುಟ್ಟಿಸಿದರು. ಕಾರ್ಯದರ್ಶಿಗಳು ದಾರಿಯುದ್ದಕ್ಕೂ ಪೆಟ್ರೋಲ್ ಟ್ಯಾಂಕನ್ನೇ ನೋಡುತ್ತಿದ್ದರು. ಅಷ್ಟು ಉದ್ದದ ಕೆರೆಯನ್ನು ನಾನು ಮತ್ತೆ ನೋಡಿಲ್ಲ.

ಎಂಜಿನ್ ಮತ್ತೆ ಗಾಡಿ ಹತ್ತಿತು. ಬನ್ನೇರುಘಟ್ಟ ರಸ್ತೆ ಆಗ ರಸ್ತೆ ಎಂದು ಕರೆಸಿಕೊಳ್ಳುತ್ತಿದ್ದ ಕಲ್ಲು ಗುಂಡಿಗಳ ಸಾಲು. ಅದರ ಮೇಲೆ ಎದ್ದು ಬಿದ್ದು, ಬಿಸಿಲೇರಿದ ಮೇಲೆ ಶೆಡ್ಡು ತಲುಪಿತು. ಈ ಸಲ ನಾನು ಜಾಣನಾದೆ. ಟ್ಯಾಂಕಿನಲ್ಲಿ ಅಂಬಿಗರು ಹಾಕಿದ ಪೆಟ್ರೋಲು ಉಳಿದಿತ್ತಲ್ಲ, ಚೆಲ್ಲದೆ ಅದರಲ್ಲೇ ಚಾಲು ಮಾಡಿದೆ. ಸೀಮೆಎಣ್ಣೆ ಬೆರೆತಿದ್ದರೆ ಇಲ್ಲೂ ನಿಲ್ಲಬೇಕು. ನಿಲ್ಲಲಿಲ್ಲ. ಟ್ಯಾಂಕು ಒಣಗುವವರೆಗೆ ಡ್ರಮ್ಮಿನಲ್ಲಿ ಓಡಿತು. ನೀರಿಗಿಳಿದರೆ ನಿಲ್ಲುತ್ತದೆ, ನೆಲಕ್ಕೆ ಬಂದರೆ ಓಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರೆ, ಇದು ಎತ್ತೂ ಅಲ್ಲದ ಕೋಣವೂ ಅಲ್ಲದ ಮೂರನೆಯ ಜಾತಿ.

ಒಂದು ಸಂತೋಷವಿತ್ತು. ಅಂಬಿಗರು ನಿರಪರಾಧಿ ಎನ್ನುವುದು ನನ್ನ ಮಟ್ಟಿಗೆ ತೀರ್ಮಾನವಾಯಿತು. ತ್ಯಾಗರಾಜನಗರಕ್ಕೆ ಸೈಕಲ್ ತುಳಿದು ಹೋಗಿ ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಜಗಲಿಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡರು.

"ಹಾಗಾದ್ರೆ ಕೆರೆಯಲ್ಲಿ ಯಾಕೆ ನಿಲ್ಲುತ್ತೆ?"

"ಅದೇ ಗೊತ್ತಾಗ್ತಿಲ್ಲ ಸಾರ್."

"ಗೊತ್ತಿಲ್ಲ ಅನ್ನೋದು ಸಮಜಾಯಿಷಿ ಅಲ್ಲ" ಎಂದರು. ನಾನು ಸೈಕಲ್ ಹತ್ತಿ ವಾಪಸು ಬಂದೆ.

ಆ ವಾರ ಪೆಟ್ರೋಲ್ ದಾರಿಯನ್ನು ತುದಿಯಿಂದ ತುದಿಗೆ ಶುದ್ಧಿ ಮಾಡಿದೆ. ಟ್ಯಾಂಕಿನ ತಳದ ನಲ್ಲಿ ಬಿಚ್ಚಿ ಅದರೊಳಗಿನ ಸಣ್ಣ ಜರಡಿ ತೊಳೆದೆ. ಹಿತ್ತಾಳೆ ಕೊಳವೆಗೆ ಗಾಳಿ ಊದಿದೆ. ಕೀಲುಗಳಿಗೆಲ್ಲ ಹೊಸ ವಾಷರ್ ಕತ್ತರಿಸಿ ಹಾಕಿದೆ. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಯಿತು. ಭಾನುವಾರ ಕಾರ್ಯದರ್ಶಿಗಳು ಮನೆಯವರನ್ನೂ ಒಬ್ಬ ಬೀಗರನ್ನೂ ಕರೆದುಕೊಂಡು ಬಂದಿದ್ದರು. ಎಂಜಿನ್ ಹೋದ ಸಲಕ್ಕಿಂತ ಸ್ವಲ್ಪ ಮೊದಲೇ ನಿಂತಿತು. ಬೀಗರು, "ಹುಟ್ಟು ಹಾಕೋದೇ ಆರೋಗ್ಯಕ್ಕೆ ಒಳ್ಳೇದು" ಎಂದು ಸಮಾಧಾನ ಹೇಳಿದರು. ಆ ಸಮಾಧಾನವೇ ಕೆಲಸ ಕೆಡಿಸಿತು.

ದಡಕ್ಕೆ ಬಂದ ಮೇಲೆ ಕಾರ್ಯದರ್ಶಿಗಳು ಎಲ್ಲರ ಎದುರಿಗೇ ಕೇಳಿದರು. "ಏನಯ್ಯಾ, ಪೆಟ್ರೋಲಿಗೆ ಏನು ಬೆರೆಸಿದೀಯ? ಹೇಳಿಬಿಡು."

"ಗಂಗಮ್ಮನಾಣೆ ಸ್ವಾಮಿ, ಸೀಮೆಎಣ್ಣೆ ಮುಟ್ಟಿಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಸೀಮೆಎಣ್ಣೆ ಅಂತ ನಾನು ಅಂದ್ನೇ?"

ಅಂಬಿಗರ ಕಪ್ಪು ಮುಖ ಇನ್ನೂ ಕಪ್ಪಾಯಿತು. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅವರ ಊರಿನ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ನಾನು ತಲೆ ಬಗ್ಗಿಸಿ ಎಂಜಿನ್ನಿನ ತಿರುಪು ಸಡಿಲಿಸುತ್ತಾ ನಿಂತೆ. ಸೀಮೆಎಣ್ಣೆಯ ಅನುಮಾನವನ್ನು ಅವರ ಕಿವಿಗೆ ಹಾಕಿದ್ದವನು ನಾನೇ.

ಕಾರ್ಯದರ್ಶಿಗಳು ನನ್ನನ್ನು ಏರಿಯ ಮೇಲೆ ಆಚೆ ಕರೆದುಕೊಂಡು ಹೋದರು. "ಮುಂದಿನ ಭಾನುವಾರ ಕೂಟದವರೆಲ್ಲ ಇಲ್ಲೇ ಸೇರ್ತಾರೆ. ಇವನ ಕೈಯಿಂದ ಹಗ್ಗ ಈಸ್ಕೊಂಡು ಬೇರೆಯವನಿಗೆ ಕೊಡೋದು ಅಂತ ಇದೆ. ನೀವು ತಿಳಿದವರು. 'ಪೆಟ್ರೋಲು ಸರಿಯಿಲ್ಲ' ಅಂತ ಒಂದು ಮಾತು ಹೇಳಿದ್ರೆ ಸಾಕು. ನಿಮ್ಮ ಕೆಲಸಾನೂ ಮುಗೀತು."

ಅವರು ಹೇಳಿದ್ದರಲ್ಲಿ ಒಂದು ಸೆಳೆತವಿತ್ತು. ಆ ಮಾತು ಹೇಳಿದರೆ ನನ್ನ ಸೋಲೂ ಮುಚ್ಚಿಹೋಗುತ್ತಿತ್ತು. "ಒಂದು ವಾರ ಬಿಡಿ ಸಾರ್. ಎಂಜಿನ್ನನ್ನ ಈ ಸಲ ಶೆಡ್ಡಿಗೆ ಒಯ್ಯಲ್ಲ. ಇಲ್ಲೇ ಇರಲಿ, ಯಾರೂ ಬಿಚ್ಚೋದು ಬೇಡ" ಎಂದೆ. ಏಕೆ ಹಾಗೆ ಹೇಳಿದೆನೋ ಆ ಕ್ಷಣಕ್ಕೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಶೆಡ್ಡಿಗೆ ಬಂದೊಡನೆ ಸಾಧುವಾಗುವ ಎಂಜಿನ್ನನ್ನು ಶೆಡ್ಡಿಗೆ ತಂದು ಪ್ರಯೋಜನವಿಲ್ಲ ಎನ್ನುವುದಷ್ಟೇ ತಲೆಯಲ್ಲಿತ್ತು.

ಉಳಿದದ್ದನ್ನು ಹೇಳಿಕೊಟ್ಟದ್ದು ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿ. ಆಗಿನ ಬೆಂಗಳೂರಿನ ಚಳಿ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಬೆಳಿಗ್ಗೆ ತಲೆ ಬಾಚಿಕೊಳ್ಳಲು ಹೋದರೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ, ಬಾಟಲಿ ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಆ ವಾರ ಒಂದು ಬೆಳಿಗ್ಗೆ ನಾನು ಬಾಟಲಿಯನ್ನು ಅಂಗೈಗೆ ಕುಟ್ಟುತ್ತಿದ್ದೆ. ಅಡುಗೆಮನೆಯಿಂದ ಹೆಂಡತಿ, "ಕುಟ್ಟಿದ್ರೆ ಬರುತ್ತೇನ್ರೀ? ಬಿಸಿಲು ಬರಲಿ, ಕಿಟಕೀಲಿಡ್ತೀನಿ, ತಾನೇ ಕರಗುತ್ತೆ" ಎಂದಳು.

ಬಾಟಲಿ ಹಿಡಿದುಕೊಂಡು ಹಾಗೇ ನಿಂತೆ. ಕೆರೆಯಲ್ಲಿ ಬೆಳಿಗ್ಗೆ ನಿಲ್ಲುವ ಎಂಜಿನ್ ಶೆಡ್ಡಿನಲ್ಲಿ ಮಧ್ಯಾಹ್ನ ಓಡುತ್ತಿತ್ತು. ಇಷ್ಟು ದಿನ ಕೆರೆ, ಶೆಡ್ಡು ಎಂದು ಜಾಗವನ್ನೇ ಯೋಚಿಸುತ್ತಿದ್ದೆ, ಹೊತ್ತನ್ನು ಯೋಚಿಸಿರಲಿಲ್ಲ. ಪೆಟ್ರೋಲು ಚಳಿಗೆ ಗಟ್ಟಿಯಾಗುವುದಿಲ್ಲ, ಅದರಲ್ಲಿ ಬೆರೆಸುವ ಡಬ್ಬಿ ಎಣ್ಣೆಯೂ ನಮ್ಮ ಚಳಿಗೆಲ್ಲ ಜಗ್ಗುವಂಥದ್ದಲ್ಲ. ಆದರೂ ಟ್ಯಾಂಕಿನ ಒಳಗೆ ಬೆಳಗಿನ ಚಳಿಯಲ್ಲಿ ಏನಿರುತ್ತದೆಂದು ನಾನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ.

ಭಾನುವಾರ ನಸುಕಿನಲ್ಲೇ ಸೈಕಲ್ ಹತ್ತಿದೆ. ಜೊತೆಗಿದ್ದದ್ದು ಒಂದು ಸ್ಪ್ಯಾನರು, ಒಂದು ಸೀಸೆ ಸ್ಪಿರಿಟ್ಟು, ತೊಳೆದು ಒಣಗಿಸಿದ ಟಾನಿಕ್ ಬಾಟಲಿ. ಜಯನಗರ ದಾಟಿದರೆ ಎರಡೂ ಕಡೆ ಹೊಲ, ಅವರೆ ಗಿಡದ ಸೊಗಡು ಮಂಜಿನಲ್ಲಿ ದಟ್ಟವಾಗಿ ನಿಂತಿತ್ತು. ಆ ವಾಸನೆ ಈಗಲೂ ಯಾವುದಾದರೂ ಸಂತೆಯ ಮೂಲೆಯಲ್ಲಿ ತಟ್ಟನೆ ಸಿಕ್ಕರೆ ನನ್ನ ಕಾಲು ಪೆಡಲ್ ಹುಡುಕುತ್ತದೆ.

ಅಂಬಿಗರು ಆಗಲೇ ದೋಣಿಯ ಹತ್ತಿರ ಕಂಬಳಿ ಹೊದ್ದು ಕುಳಿತಿದ್ದರು. ಶನಿವಾರ ಸಂಜೆಯೇ ಪೆಟ್ರೋಲು ಬೆರೆಸಿ ಟ್ಯಾಂಕು ತುಂಬಿಸಿಡುವುದು ಅವರ ರೂಢಿ. "ಇವತ್ತೇ ಕಡೇ ದಿನ ಅಂತಲ್ಲ ಮೇಸ್ತ್ರಿ" ಎಂದರು. ನಾನು, "ದೋಣಿ ಅಲ್ಲಾಡಿಸಬೇಡಿ ಅಣ್ಣ" ಎಂದಷ್ಟೇ ಹೇಳಿ, ಟ್ಯಾಂಕಿನ ಕೆಳಗಿನ ಕೊಳವೆಯನ್ನು ಮೆಲ್ಲಗೆ ಬಿಚ್ಚಿ, ಬಾಟಲಿ ಹಿಡಿದು ನಲ್ಲಿ ತಿರುಗಿಸಿದೆ.

ಏನೂ ಬರಲಿಲ್ಲ. ಪೂರ್ತಿ ತುಂಬಿದ ಟ್ಯಾಂಕು, ಒಂದು ಹನಿಯೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನಲ್ಲಿಯ ಬಾಯಲ್ಲಿ ದಪ್ಪನೆಯ ಹನಿಯೊಂದು ಮೂಡಿ, ಉದ್ದವಾಗಿ ಎಳೆದುಕೊಂಡು ಬಿತ್ತು. ಹಿಂದೆಯೇ ಇನ್ನೊಂದು. ಬೆಲ್ಲದ ಪಾಕದ ಹಾಗೆ ಹೊಂಬಣ್ಣದ ಎಣ್ಣೆ ನಿಧಾನವಾಗಿ ಬಾಟಲಿಯ ತಳಕ್ಕೆ ಇಳಿಯಿತು. ಬಹಳ ಹೊತ್ತು ಅದೇ ಬಂತು. ಆಮೇಲೆ ಒಮ್ಮೆಲೇ ತೆಳ್ಳಗೆ ಪೆಟ್ರೋಲು ಸುರಿಯಿತು. ನಲ್ಲಿ ಮುಚ್ಚಿ ಬಾಟಲಿಯನ್ನು ಬೆಳಕಿಗೆ ಹಿಡಿದೆ. ಕೆಳಗೆ ಎಣ್ಣೆ, ಮೇಲೆ ಪೆಟ್ರೋಲು, ನಡುವೆ ಗೆರೆ ಎಳೆದಂತೆ ಬೇರೆ ಬೇರೆ. ಎಂಜಿನ್ ನಿಲ್ಲುತ್ತಿದ್ದದ್ದು ಏಕೆಂದು ಈಗ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲಿನಲ್ಲಿ ನಡುಕೆರೆಯವರೆಗೆ ಹೋಗುತ್ತದೆ. ಅಷ್ಟರಲ್ಲಿ ಈ ಗಟ್ಟಿ ಎಣ್ಣೆ ಜರಡಿಗೆ ಅಡ್ಡ ಕೂತು ದಾರಿ ಮುಚ್ಚುತ್ತದೆ. ಬಿಸಿಲೇರಿ, ಗಾಡಿಯಲ್ಲಿ ಕುಲುಕಾಡಿದ ಮೇಲೆ ಎರಡೂ ಮತ್ತೆ ಕಲೆತುಹೋಗುತ್ತವೆ.

ತಳದ ಎಣ್ಣೆಯನ್ನು ಒಂದು ಕಡ್ಡಿಯ ತುದಿಗೆ ತೆಗೆದುಕೊಂಡು, ದೋಣಿಯಿಂದ ದೂರ ಹೋಗಿ, ಬೆಂಕಿಕಡ್ಡಿ ಗೀರಿ ಬಿಸಿ ತಾಗಿಸಿ ಮೂಸಿದೆ. ಶನಿವಾರದ ಎಣ್ಣೆನೀರು, ಅಮ್ಮ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆ, ಸೀಗೆಪುಡಿ, ಹಂಡೆಯ ಹೊಗೆ ಎಲ್ಲ ಒಂದೇ ಉಸಿರಿಗೆ ಬಂದವು. ಹರಳೆಣ್ಣೆ. ಪೆಟ್ರೋಲಿಗೆ ಜಗ್ಗದೆ ಸ್ಪಿರಿಟ್ಟಿಗೆ ಕರಗಿದ್ದ ಜೆಟ್ಟಿನ ಅಂಟೂ ಇದೇ. ಹೊಗೆಯೆಲ್ಲ ನೀರಿನೊಳಕ್ಕೆ ಹೋಗದಿದ್ದರೆ ಮೊದಲ ದಿನವೇ ನನ್ನ ಮೂಗು ಇದನ್ನು ಹೇಳುತ್ತಿತ್ತು.

"ಅಣ್ಣ, ಕೂಟದವರು ಕೊಟ್ಟ ಡಬ್ಬಿ ಎಣ್ಣೆ ಎಲ್ಲಿ?"

ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಮನೇಲೈತೆ. ಬನ್ನಿ, ತೋರುಸ್ತೀನಿ."

ಅವರ ಮನೆ ಏರಿಯ ಕೆಳಗೇ. ನಡುಮನೆಯ ಅಟ್ಟದ ಮೇಲೆ ಆ ಎಣ್ಣೆ ಡಬ್ಬಿಗಳು ಸಾಲಾಗಿದ್ದವು. ದೀಪಾವಳಿಯಿಂದ ಈಚೆಗೆ ಕೊಟ್ಟ ಒಂದೊಂದೂ ಮೊಹರು ಒಡೆಯದೆ, ಧೂಳು ಕೂರದಂತೆ ಒರೆಸಿ, ಕುಂಕುಮ ಇಟ್ಟಿದ್ದರು.

"ಕಂಪ್ನಿ ಎಣ್ಣೆ ನೀರಂಗದೆ ಮೇಸ್ತ್ರಿ. ದೀಪಾವಳಿಗೆ ಮನೆಮಂದಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುದ್ವಿ. ಎತ್ತಿಗೂ ಹಚ್ಚುದ್ವಿ. ಗಾಡಿ ಅಚ್ಚಿಗೂ ಅದೇ ಹಾಕದು. ಈ ಮೋಟ್ರೂ ನಮ್ಮನೇದೇ ಅಲ್ವ, ಇದಕ್ಯಾಕೆ ನೀರೆಣ್ಣೆ ಅಂತ ಅವತ್ತಿಂದ ಹರಳೆಣ್ಣೆನೇ ಹಾಕ್ತಾ ಇವ್ನಿ. ನಮ್ಮೋಳು ಹರಳು ಹುರಿದು, ಕುಟ್ಟಿ, ಕಾಯ್ಸಿ ತೆಗೆದಿದ್ದು. ಈ ಸಲ ಮನೆಗೆ ಸಾಲದೇ ಬಂತು."

ಒಲೆಯ ಮುಂದೆ ಕುಳಿತಿದ್ದ ಅವರ ಮನೆಯಾಕೆ ನನ್ನ ಕಡೆ ತಿರುಗಿದರು. "ಮಕ್ಕಳ ತಲೆಗೆ ಇಲ್ದಿದ್ರೂ ಮೋಟ್ರಿಗೆ ಬೇಕು ಅಂತ ಜಗಳ ಆಡಿ ತಕ್ಕೊಂಡೋದ್ರು ಕಣಪ್ಪ" ಎಂದರು.

"ಮೊದಲೇ ಯಾಕೆ ಹೇಳಲಿಲ್ಲ ಅಣ್ಣ?"

"ಯಾರೂ ಎಣ್ಣೆ ವಿಚಾರ ಕೇಳ್ಲಿಲ್ವಲ್ಲ. ಎಲ್ಲಾರೂ ಪೆಟ್ರೋಲ್ದೇ ಕೇಳುದ್ರು. ಅದ್ರಾಗೆ ನಾನು ಕಳ್ಳತನ ಮಾಡಿಲ್ಲ."

ಬಾಟಲಿ ತೋರಿಸಿ ಸಂಗತಿ ಬಿಡಿಸಿ ಹೇಳಿದೆ. ಹರಳೆಣ್ಣೆ ಒಳ್ಳೆಯದೇ, ಆದರೆ ಪೆಟ್ರೋಲಿನೊಡನೆ ಅದರ ಸಂಸಾರ ಚಳಿಗೆ ನಿಲ್ಲುವುದಿಲ್ಲ ಎಂದೆ. ಬಾಟಲಿಯನ್ನು ಒಲೆಯಿಂದ ದೂರಕ್ಕೆ ಒಯ್ದು, ಬಿಸಿನೀರಿನ ತಪ್ಪಲೆಯಲ್ಲಿಟ್ಟು ಕುಲುಕಿದೆ. ಗೆರೆ ಮಾಯವಾಯಿತು. ನನ್ನ ಎಣಿಕೆಯಲ್ಲಿ ಅವರಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಕಳ್ಳ ಎಂದಾಗಲೂ ನೆಟ್ಟಗೆ ನಿಂತಿದ್ದ ಮನುಷ್ಯ ಗೋಡೆಗೆ ಒರಗಿ ಕುಳಿತುಬಿಟ್ಟರು. "ಅಂಗಾದ್ರೆ ನಾನೇ ಕೆಡಿಸ್ದೆ" ಎಂದರು. ಎಷ್ಟು ಸಮಾಧಾನ ಹೇಳಿದರೂ ಅದನ್ನೇ ಅನ್ನುತ್ತಿದ್ದರು.

ಕೂಟದವರು ಏರಿಯ ಮೇಲೆ ಬಂದು ಸೇರುವ ಹೊತ್ತಿಗೆ ನಾನು ಟ್ಯಾಂಕು, ಕೊಳವೆ, ಜೆಟ್ಟು ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ತೊಳೆದು ಜೋಡಿಸಿ ಮುಗಿಸಿದ್ದೆ. ಬಾಯಿ ತೆರೆದು ಹೇಳಬೇಕು ಎನ್ನುವಷ್ಟರಲ್ಲಿ ಅಂಬಿಗರು ಬಂದರು. ತಲೆಯ ಮೇಲೆ ಗೋಣಿಚೀಲ. ಅದನ್ನಿಳಿಸಿ, ಡಬ್ಬಿಗಳನ್ನು ಒಂದೊಂದಾಗಿ ಕಾರ್ಯದರ್ಶಿಗಳ ಕಾಲಿನ ಮುಂದೆ ಜೋಡಿಸಿ, ಸೊಂಟದ ಹಗ್ಗ ಬಿಚ್ಚಿ ಮೇಲಿಟ್ಟರು. "ಎಂಜಿನ್ ಕೆಡಿಸಿದ್ದು ನಾನೇ ಸ್ವಾಮಿ. ಬ್ಯಾರೆಯೋರಿಗೆ ಕೊಡಿ" ಎಂದರು.

ಮಿಕ್ಕದ್ದನ್ನು, ಮನೆಯಾಕೆ ಆಡಿದ ಮಕ್ಕಳ ತಲೆಯ ಮಾತನ್ನೂ ಸೇರಿಸಿ, ನಾನು ಹೇಳಿದೆ. ಬಾಟಲಿ ಬೆಳಗಿನ ಚಳಿಗಾಳಿಗೆ ಮತ್ತೆ ಗೆರೆ ಕಟ್ಟಿಕೊಳ್ಳುತ್ತಿತ್ತು, ಅದನ್ನೂ ತೋರಿಸಿದೆ. ಕಾರ್ಯದರ್ಶಿಗಳು ಬಗ್ಗಿ ಒಂದು ಡಬ್ಬಿ ಎತ್ತಿಕೊಂಡರು. ಮೊಹರು ನೋಡಿದರು, ಕುಂಕುಮ ನೋಡಿದರು. ಇನ್ನೊಂದು ಎತ್ತಿಕೊಂಡರು. ಒಂದನ್ನೂ ಬಿಡದೆ ನೋಡಿದರು. ಅದು ಅವರ ಜೀವನದ ಅಭ್ಯಾಸ. ಕದ್ದವನು ಎಂದುಕೊಂಡಿದ್ದ ಮನುಷ್ಯ ತನ್ನ ಮನೆಯದನ್ನೇ ತಂದು ಸುರಿದಿದ್ದ ಎಂಬ ಲೆಕ್ಕ ಅವರ ಸರ್ವೀಸಿನಲ್ಲಿ ಎಂದೂ ಬಂದಿರಲಿಕ್ಕಿಲ್ಲ. ಅವರು ಕ್ಷಮೆ ಕೇಳುವ ಜಾತಿಯ ಮನುಷ್ಯರಲ್ಲ. ಹಗ್ಗವನ್ನು ಅಂಬಿಗರ ಕಡೆ ಚಾಚಿ, "ಎಳಿ, ನೋಡೋಣ" ಎಂದರು.

ಅವರ ಎದುರಿಗೇ ಒಂದು ಡಬ್ಬಿ ಒಡೆದು ಪೆಟ್ರೋಲು ಬೆರೆಸಿ ಹಾಕಿದೆ. ಮಂಜು ಇನ್ನೂ ಕರಗಿರಲಿಲ್ಲ. ಅಂಬಿಗರು ಹಗ್ಗ ಸುತ್ತಿ ಎಳೆದರು. ದೋಣಿ ಹೊರಟಿತು. ನಡುಕೆರೆ ಬಂದಾಗ ನಾನು ಹುಟ್ಟಿನ ಮೇಲೆ ಕೈಯಿಟ್ಟೆ. ಎಂಜಿನ್ ಅದನ್ನು ಗಮನಿಸದೆ ದಾಟಿತು. ಆಚೆಯ ತೂಬಿನ ಹತ್ತಿರ ಅಗಲವಾಗಿ ತಿರುಗಿ, ಬಟ್ಟೆ ಒಗೆಯುವ ಹೆಂಗಸರ ಮುಂದೆ ಅಂಬಿಗರು ಬೇಕೆಂದೇ ಇನ್ನೊಂದು ಸುತ್ತು ಹಾಕಿದರು. ಕಾರ್ಯದರ್ಶಿಗಳ ಕೀರ್ತನೆ ಅಂದು ಚರಣದವರೆಗೆ ಹೋಯಿತು.

ಆ ಕೆರೆಯ ಸುತ್ತ ಆಮೇಲೆ ಮನೆಗಳೆದ್ದವು, ರಸ್ತೆಯ ಗುಂಡಿಗಳ ಮೇಲೆ ಡಾಂಬರು ಬಿತ್ತು, ಅವರೆ ಹೊಲಗಳಿಗೆ ನಂಬರು ಬ್ಲಾಕು ಬಂತು. ನಾನು ಎಷ್ಟೋ ಎಂಜಿನ್‌ಗಳನ್ನು ಬಿಚ್ಚಿದೆ, ಜೋಡಿಸಿದೆ. ಆದರೆ ಆ ದಿನ ದಡಕ್ಕೆ ಬಂದ ಮೇಲೆ ನಡೆದದ್ದೇ ನನಗೆ ಹೆಚ್ಚು ನೆನಪಿರುವುದು.

ಕಾರ್ಯದರ್ಶಿಗಳು ಎಲ್ಲರಿಗಿಂತ ಕೊನೆಗೆ ದೋಣಿಯಿಂದ ಇಳಿದರು. ಪಂಚೆ ಸರಿಮಾಡಿಕೊಂಡು, ಕೆರೆಯನ್ನು ನೋಡುತ್ತಾ, "ಏನಪ್ಪಾ, ಮನೇಲಿ ಆ ಹರಳೆಣ್ಣೆ ಇನ್ನೂ ಏನಾದ್ರೂ ಇದೆಯೇ? ನಮ್ಮನೆಯವರು ಬಹಳ ದಿವಸದಿಂದ ಕೇಳ್ತಿದಾರೆ. ಅಂಗಡೀದು ಬರೀ ಕಲಬೆರಕೆ, ನಂಬೋಕಾಗಲ್ಲ" ಎಂದರು.

ಅಂಬಿಗರು ಓಡಿ ಹೋಗಿ ಒಂದು ಸಣ್ಣ ಸೀಸೆಯಲ್ಲಿ ತಂದರು. ಮಕ್ಕಳ ತಲೆಗೆಂದು ಉಳಿದಿದ್ದದ್ದು ಅಷ್ಟೇ ಎಂದು ನನಗೆ ಗೊತ್ತಿತ್ತು. ಕಾರ್ಯದರ್ಶಿಗಳು ಬಿರಡೆ ತೆಗೆದು ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು, ಪೆಟ್ರೋಲು ತಿಕ್ಕಿದ್ದ ಹಾಗೆಯೇ ತಿಕ್ಕಿದರು. ಅವರು ಅಂಗೈ ನೋಡಲಿಲ್ಲ, ಅಂಬಿಗರನ್ನು ನೋಡಿದರು. "ಶುದ್ಧವಾಗಿದೆ" ಎಂದರು. ಕರವಸ್ತ್ರ ಜೇಬಿನಲ್ಲೇ ಇತ್ತು. ಟೋಪಿ ತೆಗೆದು, ಆ ಎಣ್ಣೆಯನ್ನು ತಮ್ಮ ನೆತ್ತಿಗೆ ತಟ್ಟಿಕೊಂಡು, ಸೀಸೆಯನ್ನು ಹಾಗೇ ಅವರ ಕೈಗೆ ವಾಪಸು ಕೊಟ್ಟು, "ಮಕ್ಕಳಿಗೆ ಹಚ್ಚು" ಎಂದು ಹೇಳಿ ಜಟಕಾ ಹತ್ತಿದರು.